ಎಂಜಿನ್ನಿನಲ್ಲಿ ಕಿಡಿ ಹಾರುವ ಕೋನವನ್ನು ಲ್ಯಾಪ್‌ಟಾಪ್ 10 ಡಿಗ್ರಿ ಎನ್ನುತ್ತದೆ, ಟೈಮಿಂಗ್ ಲೈಟ್ (ಕಿಡಿಯೊಂದಿಗೆ ಮಿನುಗಿ ಪುಲ್ಲಿಯ ಗುರುತು ತೋರಿಸುವ ದೀಪ) 14 ಎನ್ನುತ್ತದೆ. ಯಾವುದನ್ನು ನಂಬಲಿ?

ಸದ್ಯಕ್ಕೆ ಎರಡನ್ನೂ ನಂಬಬೇಡಿ.

ಹಳೆಯ ಕಾರ್ಬ್ಯುರೇಟರ್ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ತೆಗೆದು, 36 ಹಲ್ಲುಗಳಲ್ಲಿ ಒಂದು ಕಡಿಮೆಯಿರುವ ಚಕ್ರವನ್ನೂ ಅದರ ಹಲ್ಲುಗಳನ್ನು ಓದುವ ಸೆನ್ಸರನ್ನೂ ಪ್ರೋಗ್ರಾಂ ಮಾಡಬಲ್ಲ ಇಗ್ನಿಷನ್ ಘಟಕವನ್ನೂ ಕೂರಿಸಿದ್ದೀರಿ. ಅಡ್ವಾನ್ಸನ್ನು (ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕೆಂಬ ಅಂಕಿಯನ್ನು) 10ಕ್ಕೆ ಲಾಕ್ ಮಾಡಿದ್ದರೂ ಐಡಲ್‌ನಲ್ಲಿ ಲೈಟ್ 14 ತೋರಿಸುತ್ತದೆ, 3000 ಆರ್‌ಪಿಎಂನಲ್ಲಿ 9ಕ್ಕೆ ಇಳಿಯುತ್ತದೆ ಎಂದಿದ್ದೀರಿ. ನನ್ನ ಲೆಕ್ಕದಲ್ಲಿ ಇದು ಒಂದು ದೋಷವಲ್ಲ, ಎರಡು.

ಮೊದಲು ಕ್ರ್ಯಾಂಕ್ ಪುಲ್ಲಿಯ ಮೇಲಿನ ಟಿಡಿಸಿ (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಾನ) ಗುರುತನ್ನೇ ಅನುಮಾನಿಸಿ. ಹಲವು ಹಳೆಯ ಪುಲ್ಲಿಗಳ ಒಳಭಾಗಕ್ಕೂ ಹೊರಬಳೆಗೂ ನಡುವೆ ರಬ್ಬರ್ ಇರುತ್ತದೆ. ಅದು ಸಡಿಲವಾದರೆ ಗುರುತು ಹೊತ್ತ ಬಳೆ ಸದ್ದಿಲ್ಲದೆ ಜಾರುತ್ತದೆ. ನನ್ನದು 7 ಡಿಗ್ರಿ ಜಾರಿತ್ತು. ಅದು ಗೊತ್ತಿಲ್ಲದೆ ಎರಡು ಭಾನುವಾರ ಸಾಫ್ಟ್‌ವೇರನ್ನು ಬೈಯುತ್ತಾ ಕುಳಿತಿದ್ದೆ. ಪರೀಕ್ಷೆ ಸುಲಭ: ಬ್ಯಾಟರಿ ತಂತಿ ಕಳಚಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ಬೋಲ್ಟಿನಂಥ ಸಾಧನ) ತಿರುಗಿಸಿ. ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ, ಪಿಸ್ಟನ್ ತಾಗಿ ನಿಂತಲ್ಲಿ ಪುಲ್ಲಿಗೆ ಗೆರೆ ಹಾಕಿ. ಇನ್ನೊಂದು ದಿಕ್ಕಿಗೂ ಹಾಗೆಯೇ. ಎರಡು ಗೆರೆಗಳ ನಟ್ಟನಡುವೆ ನಿಜವಾದ ಟಿಡಿಸಿ. ಪುಲ್ಲಿ 150 ಮಿ.ಮೀ. ವ್ಯಾಸದ್ದಾದರೆ ಅಂಚಿನಲ್ಲಿ 10 ಡಿಗ್ರಿ ಎಂದರೆ ಸುಮಾರು 13 ಮಿ.ಮೀ.

ವೇಗದೊಂದಿಗೆ ಅಂಕಿ ಇಳಿಯುವುದು ಬೇರೆಯ ಕಥೆ. ಗುರುತು ಮಾತ್ರ ತಪ್ಪಿದ್ದರೆ ವ್ಯತ್ಯಾಸ ಎಲ್ಲ ವೇಗದಲ್ಲೂ ಒಂದೇ ಆಗಿರಬೇಕಿತ್ತು. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ, ಹಾಗಾಗಿ ಸಂಕೇತದಲ್ಲಿನ ಸಣ್ಣ ವಿಳಂಬವೂ ಅಲ್ಲಿ ಎದ್ದು ಕಾಣುತ್ತದೆ. ನಿಮ್ಮ ಸೆನ್ಸರ್ ಎರಡು ತಂತಿಯ ಮ್ಯಾಗ್ನೆಟಿಕ್ ಬಗೆಯದಾದರೆ ಮೊದಲು ಆ ತಂತಿಗಳು ಅದಲುಬದಲಾಗಿವೆಯೇ ನೋಡಿ. ಸರಿಯಾಗಿ ಜೋಡಿಸಿದಾಗ ಹಲ್ಲಿನ ಮಧ್ಯ ಸೆನ್ಸರಿನ ಎದುರು ಬಂದ ಕ್ಷಣದಲ್ಲಿ ವೋಲ್ಟೇಜ್ ಥಟ್ಟನೆ ಸೊನ್ನೆ ದಾಟುತ್ತದೆ. ತಿರುಗಮುರುಗಾದರೆ ಘಟಕವು ಹಲ್ಲುಗಳ ನಡುವಿನ ಇಳಿಜಾರನ್ನು ಹಿಡಿದು ಲೆಕ್ಕ ಹಾಕುತ್ತದೆ. ಐದು ಡಿಗ್ರಿಯಷ್ಟು ಜಾರಿಕೆಗೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ತಂತಿ ಬದಲಿಸಿದ ಮೇಲೆ ಟ್ರಿಗರ್ ಕೋನವನ್ನು (ಸೆನ್ಸರಿನ ಸಂಕೇತಕ್ಕೂ ಟಿಡಿಸಿಗೂ ನಡುವಿನ ಕೋನವನ್ನು) ಹೊಸದಾಗಿ ಹೊಂದಿಸಲೇಬೇಕು, ಏಕೆಂದರೆ ಘಟಕ ಗುರುತಿಸುವ ಬಿಂದುವೇ ಸರಿದಿರುತ್ತದೆ. ಕೂಡಿಸಬೇಕೋ ಕಳೆಯಬೇಕೋ ಎಂಬುದು ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ರೀತಿ. ಎರಡು ಡಿಗ್ರಿ ಬದಲಿಸಿ, ಗೆರೆ ಯಾವ ಕಡೆ ಸರಿಯುತ್ತದೆ ಎಂದು ನೋಡಿಬಿಡಿ. ಐಡಲ್‌ನಲ್ಲಿ ಸರಿಹೋಯಿತೆಂದು ಬಿಡದೆ 3000ದಲ್ಲೂ ನೋಡಿ. ಒಂದೇ ಕಾಯಿಲ್ ಎರಡು ಪ್ಲಗ್‌ಗಳಿಗೆ ಒಟ್ಟಿಗೆ ಕಿಡಿ ಕೊಡುವ ವ್ಯವಸ್ಥೆ ನಿಮ್ಮದಾಗಿದ್ದರೆ, ಕೋನ ತೋರಿಸುವ ಗುಂಡಿಯಿರುವ ಟೈಮಿಂಗ್ ಲೈಟ್ ದಾರಿ ತಪ್ಪಿಸಬಹುದು. ಪಿಸ್ಟನ್ ಹೊಗೆ ಹೊರತಳ್ಳುವ ಎಗ್ಸಾಸ್ಟ್ ಹೊಡೆತದಲ್ಲೂ ಕಿಡಿ ಬರುವುದರಿಂದ ಅದು ಇಮ್ಮಡಿ ಎಣಿಸುತ್ತದೆ. ಗುಂಡಿಯನ್ನು ಸೊನ್ನೆಗಿಟ್ಟು ಪುಲ್ಲಿಯ ಗೆರೆಗಳನ್ನೇ ಓದಿ. ಆ ಬೆಳಕಿನಲ್ಲಿ ತಿರುಗುವ ಪುಲ್ಲಿ ನಿಂತಂತೆ ಕಾಣುತ್ತದೆ, ಬೆರಳು ಜೋಪಾನ.

ಮ್ಯಾಪ್ (ವೇಗಕ್ಕೂ ಭಾರಕ್ಕೂ ತಕ್ಕ ಅಡ್ವಾನ್ಸ್ ಅಂಕಿಗಳ ಪಟ್ಟಿ) ವಿಷಯ ಇದಾದ ಮೇಲೆ. ಹಗುರ ಭಾರದಲ್ಲಿ ಮಿಶ್ರಣ ವಿರಳವಾಗಿದ್ದು ನಿಧಾನವಾಗಿ ಉರಿಯುವುದರಿಂದ ಹೆಚ್ಚು ಅಡ್ವಾನ್ಸ್ ಬೇಕು. ಪೂರ್ಣ ಥ್ರಾಟಲ್‌ನಲ್ಲಿ ಕಡಿಮೆ. ಹಳೆಯ ಡಿಸ್ಟ್ರಿಬ್ಯೂಟರಿನ ಅಂಕಿಗಳೇ ಒಳ್ಳೆಯ ಆರಂಭ, ಪೂರ್ಣ ಭಾರದಲ್ಲಿ ಅದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆಯಿಟ್ಟು ಶುರುಮಾಡಿ. ಅಡ್ವಾನ್ಸ್ ಹೆಚ್ಚಾದಾಗ ಬರುವ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಬಡಿಯುವುದು) ಯಾವಾಗಲೂ ಕಿವಿಗೆ ಕೇಳಿಸುವುದಿಲ್ಲ.

ಓಡಿಸುವ ಮೊದಲು ಆ 10 ಡಿಗ್ರಿಯ ಲಾಕ್ ತೆಗೆಯಿರಿ. ನಾನೊಮ್ಮೆ ಮರೆತು ಹೊರಟೆ. ಕಾರು ಏರು ಹತ್ತಲಾರದೆ ಏದುಸಿರು ಬಿಟ್ಟಿತು, ಎಗ್ಸಾಸ್ಟ್ ಕೊಳವೆ ಕಾದು ಕೆಂಡವಾಯಿತು, ನಾನು ಮತ್ತೆ ಬಾನೆಟ್ ತೆರೆದು ಸೆನ್ಸರಿನಲ್ಲಿ ದೋಷ ಹುಡುಕುತ್ತಿದ್ದೆ.