ದೊಡ್ಡಪ್ಪನ ಶುಗರ್ ಬೇರೆ, ಮಗೂದು ಬೇರೆ

ದಾವಣಗೆರೆಯ ಓದುಗರೊಬ್ಬರ ಪತ್ರ: ತಂಗಿಯ ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಶುಗರ್ ಅಂತೆ, ಜೀವನಪೂರ್ತಿ ಇನ್ಸುಲಿನ್ ಬೇಕಂತೆ. ನಮ್ಮ ದೊಡ್ಡಪ್ಪ ವಾಕಿಂಗು, ಮೆಂತ್ಯದ ನೀರಲ್ಲೇ ಕಂಟ್ರೋಲ್ ಮಾಡ್ಕೊಂಡಿದಾರೆ, ಮಗೂಗ್ಯಾಕೆ ಸೂಜಿ? ಪಥ್ಯದ ಬಗ್ಗೆ ಬರೀರಿ.

ದೊಡ್ಡಪ್ಪನವರ ಶಿಸ್ತಿಗೆ ನಮಸ್ಕಾರ. ಟೈಪ್ 2 ಇರೋರು ತೂಕ ಇಳಿಸಿ, ದಿನಾ ನಡೆದು, ಅನ್ನ ಕಮ್ಮಿ ಮಾಡಿದ್ರೆ ಶುಗರ್ ಇಳಿಯತ್ತೆ, ಎಷ್ಟೋ ಜನಕ್ಕೆ ಮಾತ್ರೆನೂ ಕಮ್ಮಿ ಆಗತ್ತೆ. ಆದ್ರೆ ಆ ಲೆಕ್ಕ ಮಗು ಮೇಲೆ ಹಾಕ್ಬೇಡಿ, ಕೈ ಮುಗಿದು ಕೇಳ್ತೀನಿ. ದೊಡ್ಡಪ್ಪಂದು ಟೈಪ್ 2, ಅವರ ಮೈಯಲ್ಲಿ ಇನ್ಸುಲಿನ್, ಅಂದ್ರೆ ರಕ್ತದ ಸಕ್ಕರೆನ ಜೀವಕೋಶಗಳಿಗೆ ಸೇರಿಸೋ ಹಾರ್ಮೋನು, ಇದೆ, ಅದು ಸರಿಯಾಗಿ ಕೆಲಸ ಮಾಡ್ತಿಲ್ಲ. ಮಗೂಗೆ ಹಾಗಲ್ಲ, ಮೇದೋಜ್ಜೀರಕದಲ್ಲಿ ಇನ್ಸುಲಿನ್ ಮಾಡೋ ಬೀಟಾ ಕೋಶಗಳನ್ನ ಅವಳ ದೇಹದ ರೋಗನಿರೋಧಕ ಶಕ್ತಿನೇ ನಾಶ ಮಾಡಿದೆ. ಇಲ್ಲದ ಇನ್ಸುಲಿನ್‌ನ ಮೆಂತ್ಯ ಎಲ್ಲಿಂದ ತರತ್ತೆ ಹೇಳಿ?

ಬರೀ ಪಥ್ಯ ಜಗತ್ತು ನೋಡಿರೋದೇ. 1922ರ ಜನವರಿಲಿ ಟೊರೊಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಚುಚ್ಚಿಸ್ಕೊಂಡ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹದಿಹರೆಯದ ಹುಡುಗನ ತೂಕ ಆಗ ಸುಮಾರು 29 ಕೆಜಿ. ಆಗಿನ ಒಳ್ಳೊಳ್ಳೆ ಡಾಕ್ಟರುಗಳೇ ಇಂಥ ಮಕ್ಕಳನ್ನ ಹೆಚ್ಚುಕಮ್ಮಿ ಉಪವಾಸ ಕೆಡವಿ ಒಂದಷ್ಟು ತಿಂಗಳು ಉಳಿಸ್ಕೊಳ್ತಿದ್ರು, ಅಷ್ಟೇ ಸಾಧ್ಯ ಇತ್ತು. ಇನ್ಸುಲಿನ್ ಸಿಕ್ಕ ಮೇಲೆ ಆ ಹುಡುಗ ಇನ್ನೂ 13 ವರ್ಷ ಬದುಕಿದ.

ನನಗೆ ಸಂಕಟ ಆಗೋದು ಎಲ್ಲಿ ಗೊತ್ತಾ, ಮಗು ಚೊಂಬುಗಟ್ಟಲೆ ನೀರು ಕುಡಿಯತ್ತೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗತ್ತೆ, ಯೂನಿಫಾರಂ ಸಡಿಲ ಆಗತ್ತೆ, ಬೇಸಿಗೆ ಅಲ್ವಾ ಅಂತ ಮನೆಯೋರು ಸುಮ್ನಿರ್ತಾರೆ. ಆಮೇಲೆ ವಾಂತಿ, ಹೊಟ್ಟೆನೋವು, ಏದುಸಿರು. ಗ್ಯಾಸ್ಟ್ರಿಕ್ ಅಂತ ಸಿರಪ್ ಕೊಟ್ಟು ಮಲಗಿಸ್ತಾರೆ. ಅದು ಕೀಟೋಅಸಿಡೋಸಿಸ್, ಅಂದ್ರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರೋ ಅಪಾಯದ ಸ್ಥಿತಿ, ತಕ್ಷಣ ಆಸ್ಪತ್ರೆಗೆ ಹೋಗ್ಬೇಕು. ಇನ್ಸುಲಿನ್ ನಿಲ್ಲಿಸಿದ್ರೂ ಕೆಲವೇ ದಿನದಲ್ಲಿ ಇದೇ ಸ್ಥಿತಿ.

ಟೈಪ್ 1 ಮಕ್ಕಳಿಗೆ ಮಾತ್ರ ಬರತ್ತೆ ಅಂತಾನೂ ಅಲ್ಲ. ನಲವತ್ತು ದಾಟಿದ ಸಣಕಲು ಮನುಷ್ಯರಿಗೆ ಶುಗರ್ ಬಂದು, ಮಾತ್ರೆ ಬೇಗನೇ ನಾಟದ ಹಾಗಾದ್ರೆ, ಮೈಯಲ್ಲಿ ಇನ್ಸುಲಿನ್ ಎಷ್ಟು ತಯಾರಾಗ್ತಿದೆ ಅಂತ ತೋರಿಸೋ ಸಿ-ಪೆಪ್ಟೈಡ್, ರೋಗನಿರೋಧಕ ಶಕ್ತಿ ಬೀಟಾ ಕೋಶಗಳ ಮೇಲೆ ತಿರುಗಿಬಿದ್ದಿದ್ಯಾ ಅಂತ ಸುಳಿವು ಕೊಡೋ ಜಿಎಡಿ ಆಂಟಿಬಾಡಿ ಟೆಸ್ಟ್ ಬಗ್ಗೆ ಡಾಕ್ಟರನ್ನ ಕೇಳ್ಬೇಕು. ಬಸುರಿಲಿ ಬರೋ ಶುಗರ್ ಹೆರಿಗೆ ಆದ್ಮೇಲೆ ಸಾಮಾನ್ಯವಾಗಿ ಹೋಗತ್ತೆ, ಆದ್ರೆ ಮುಂದೆ ಟೈಪ್ 2 ಬರೋ ಸಾಧ್ಯತೆ ಜಾಸ್ತಿ, ಚೆಕಪ್ ಬಿಡಬಾರದು.

ಇನ್ನು ನಿಮ್ಮ ತಂಗಿ. ಚಾಕ್ಲೇಟ್ ಕೊಟ್ಟು ಕೆಡಿಸಿದಳು ಅಂತ ಅತ್ತೆಮನೇಲಿ ಯಾರಾದ್ರೂ ಅಂದ್ರೆ ನೀವೇ ಎದ್ದು ನಿಂತು ಹೇಳಿ, ಟೈಪ್ 1 ಸಿಹಿ ತಿಂದು ಬರಲ್ಲ. ಈ ದೇಶದಲ್ಲಿ ಮಗು ಕಾಯಿಲೆಗೆಲ್ಲಾ ತಾಯಿನೇ ಅಪರಾಧಿ. ಕೆಲವು ಶಾಲೆಗಳೋ, ಕ್ಲಾಸಲ್ಲಿ ಬೆರಳು ಚುಚ್ಚಿ ಶುಗರ್ ನೋಡ್ಕೊಳಕ್ಕೂ ಬಿಡಲ್ಲ, ಶುಗರ್ ತೀರಾ ಇಳಿದು ಮಗು ನಡುಗಿ ಬೆವರ್ತಿದ್ರೆ ಒಂದು ಲೋಟ ಸಕ್ಕರೆ ನೀರು ಕೊಡ್ಬೇಕು ಅಂತ ಎಷ್ಟು ಟೀಚರಿಗೆ ಗೊತ್ತಿದೆ? ನಾಳೆನೇ ಹೋಗಿ ಅವಳ ಕ್ಲಾಸ್ ಟೀಚರ್ ಹತ್ರ ಮಾತಾಡಿ.