ಪಾಡ್ ಕಾಫಿ ಜೊತೆ ಪ್ಲಾಸ್ಟಿಕ್ಕೂ ಹೊಟ್ಟೆಗೆ ಹೋಗುತ್ತಾ?

ಪ್ರಶ್ನೆ: ನಾವಿರುವುದು ಟೊರೊಂಟೊದಲ್ಲಿ. ಮನೆಯಲ್ಲಿ ಕ್ಯೂರಿಗ್ ಕಂಪನಿಯ ಕಾಫಿ ಮೆಷಿನ್ ಇದೆ, ಬೆಳಿಗ್ಗೆ ಇಬ್ಬರಿಗೂ ಒಂದೊಂದು ಕೆ-ಕಪ್, ಅಂದರೆ ಒಂದು ಲೋಟಕ್ಕಾಗುವಷ್ಟು ಪುಡಿ ತುಂಬಿ ಮುಚ್ಚಿದ ಪುಟ್ಟ ಪ್ಲಾಸ್ಟಿಕ್ ಪಾಡ್. ಊರಿಂದ ಬಂದಿರುವ ಅತ್ತೆ ಅದನ್ನು ನೋಡಿದಾಗಿನಿಂದ "ಪ್ಲಾಸ್ಟಿಕ್ಕಿಗೆ ಕುದಿಯೋ ನೀರು ಬಿಡ್ತೀರಲ್ಲ, ಕ್ಯಾನ್ಸರ್ ಬರಲ್ವಾ?" ಅಂತ ಕೇಳುತ್ತಲೇ ಇದ್ದಾರೆ. ನಿಜವಾಗಿ ಹೆದರಬೇಕಾ?

ಉತ್ತರ: ಕ್ಯಾನ್ಸರ್ ತನಕ ಹೋಗುವುದು ಬೇಡ. ಪಾಡ್ ಕಾಫಿಯಿಂದ ಅದು ಬರುತ್ತದೆ ಎಂದು ಯಾರೂ ತೋರಿಸಿಲ್ಲ. ಆದರೆ ಅತ್ತೆ ಕೇಳಿದ್ದರಲ್ಲಿ ಅರ್ಥವಿದೆ.

ಈಗಿನ ಕೆ-ಕಪ್ ಪಾಲಿಪ್ರೊಪಿಲೀನ್‌ನದು. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುತ್ತದೆ ನೋಡಿ. ಅದು ಕರಗುವುದು ಸುಮಾರು 160 ಡಿಗ್ರಿಗೆ, ಮೆಷಿನ್ ನೀರು 90ರ ಆಸುಪಾಸು, ಹಾಗಾಗಿ ಕಪ್ ಕರಗಿ ಕಾಫಿಗೆ ಇಳಿಯುವುದಿಲ್ಲ. "ಬಿಪಿಎ ಇಲ್ಲ" ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಬಿಪಿಎ ಅಂದರೆ ಬೇರೆ ಕೆಲವು ಪ್ಲಾಸ್ಟಿಕ್‌ಗಳಿಗೆ ಬಳಸುವ ರಾಸಾಯನಿಕ, ಈ ಪ್ಲಾಸ್ಟಿಕ್ ಮಾಡಲು ಅದು ಬೇಕಾಗುವುದೇ ಇಲ್ಲ.

ಹಾಗಂತ ಕರಗದ ಪ್ಲಾಸ್ಟಿಕ್ ಏನೂ ಬಿಡುವುದಿಲ್ಲ ಎಂದಲ್ಲ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಇದೇ ಪ್ಲಾಸ್ಟಿಕ್‌ನ ಮಗುವಿನ ಹಾಲಿನ ಬಾಟಲಿಗೆ 70 ಡಿಗ್ರಿ ನೀರು ಹಾಕಿ ಅಲ್ಲಾಡಿಸಿದಾಗ, ಲೀಟರಿಗೆ 1 ಕೋಟಿ 60 ಲಕ್ಷದವರೆಗೂ ಸೂಕ್ಷ್ಮ ಕಣ ಸಿಕ್ಕಿದವು. ಬಿಸಿ ಏರಿದಷ್ಟೂ ಕಣ ಜಾಸ್ತಿ. ಅದು ಬಾಟಲಿ, ಪಾಡ್ ಅಲ್ಲ, ಪಾಡ್‌ನಲ್ಲಿ ನೀರು ನಿಲ್ಲುವುದೂ ಸ್ವಲ್ಪ ಹೊತ್ತು ಮಾತ್ರ. ಈ ಕಣಗಳು ದೇಹದೊಳಗೆ ಏನು ಮಾಡುತ್ತವೆ ಎಂಬ ಬಗ್ಗೆ ವಿಜ್ಞಾನಿಗಳೇ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ತಪ್ಪಿಸಿಕೊಳ್ಳಲು ಸುಲಭದ ದಾರಿ ಇರುವಾಗ ತಪ್ಪಿಸಿಕೊಳ್ಳಿ, ಅಷ್ಟೇ.

ಇನ್ನೊಂದು, ಫ್ಯೂರಾನ್ ಎಂಬ, ಕ್ಯಾನ್ಸರ್ ತರಬಹುದೆಂಬ ಸಂಶಯವಿರುವ ರಾಸಾಯನಿಕ. ಇದು ಬೀಜ ಹುರಿಯುವಾಗಲೇ ಹುಟ್ಟುವಂಥದ್ದು, ಎಲ್ಲ ಕಾಫಿಯಲ್ಲೂ ಇದೆ. ಬಿಗಿಯಾಗಿ ಮುಚ್ಚಿದ ಕ್ಯಾಪ್ಸೂಲಿನಿಂದ (ಪಾಡ್‌ಗೆ ಇನ್ನೊಂದು ಹೆಸರು) ಅದು ಹಾರಿಹೋಗುವುದಿಲ್ಲ, ಹಾಗಾಗಿ ಅಂಥ ಕಾಫಿಯಲ್ಲಿ ಸ್ವಲ್ಪ ಹೆಚ್ಚು ಎಂದು ಬಾರ್ಸಿಲೋನಾದ ಸಂಶೋಧಕರು 2011ರಲ್ಲಿ ಕಂಡುಕೊಂಡರು. ಅಪಾಯದ ಮಟ್ಟ ಅಲ್ಲ ಎಂದೂ ಅವರೇ ಹೇಳಿದರು. ಅತ್ತೆಯ ಹಾಗೆ ಲೋಟ-ಬಟ್ಟಲಲ್ಲಿ ಎತ್ತಿ ಹುಯ್ದು ಆರಿಸಿ ಕುಡಿದರೆ ಅದೂ ಕಡಿಮೆಯಾಗುತ್ತದೆ!

ನನ್ನನ್ನು ಕೇಳಿದರೆ ಮೊದಲು ಮೆಷಿನ್ನಿನ ನೀರಿನ ಟ್ಯಾಂಕು, ಹನಿ ಬೀಳುವ ತಟ್ಟೆ ನೋಡಿ. ಕ್ಯಾಪ್ಸೂಲ್ ಮೆಷಿನ್ನುಗಳ ಆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸೊಗಸಾಗಿ ಸಂಸಾರ ಹೂಡಿದ್ದನ್ನು ಸ್ಪೇನಿನ ವೆಲೆನ್ಸಿಯಾದವರು 2015ರಲ್ಲಿ ತೋರಿಸಿದ್ದಾರೆ. ಕ್ಯಾನ್ಸರ್ ಬಗ್ಗೆ ಚಿಂತೆ ಮಾಡುವವರು ಎಷ್ಟೋ ಜನ ಆ ತಟ್ಟೆ ಎಳೆದು ತೊಳೆದಿರುವುದಿಲ್ಲ.

ಪ್ರಶ್ನೆ (ಅದೇ ಓದುಗರು): ಮರುಬಳಕೆಯ ಗುರುತು ಇದೆಯಲ್ಲ, ಬಳಸಿದ ಮೇಲೆ ನೀಲಿ ಡಬ್ಬಿಗೆ ಹಾಕಿದರೆ ಆಯಿತಲ್ವಾ?

ಉತ್ತರ: ಆಗಲಿಲ್ಲ. ನಿಜವಾದ ತಕರಾರು ಇರುವುದೇ ಇಲ್ಲಿ.

ಬಳಸಿದ ಒಂದು ಪಾಡ್ ಬಿಚ್ಚಿ ನೋಡಿ. ಮೇಲೆ ಸೂಜಿ ಚುಚ್ಚಿದ ತೂತಿರುವ ಹಾಳೆಯ ಮುಚ್ಚಳ. ಒಳಗೆ ಇನ್ನೂ ಬಿಸಿ ಇರುವ ಒದ್ದೆ ಚರಟ. ಚರಟದ ಸುತ್ತ, ಅಂಚಿಗೆ ಭದ್ರವಾಗಿ ಅಂಟಿಕೊಂಡ ಫಿಲ್ಟರ್. ಕೊನೆಗೆ ಪ್ಲಾಸ್ಟಿಕ್ ಬಟ್ಟಲು. ಮುಚ್ಚಳ ಕಿತ್ತು, ಚರಟ ಬಳಿದು, ಆಮೇಲೆ ಡಬ್ಬಿಗೆ ಹಾಕಬೇಕು. ತೊಳೆಯುವ ಕೆಲಸ ಬೇಡ ಅಂತಲೇ ಪಾಡ್ ಕೊಂಡವರು ಇಷ್ಟೆಲ್ಲ ಮಾಡುತ್ತಾರಾ? ಮಾಡಿದರೂ, ಕಸ ಬೇರ್ಪಡಿಸುವ ಘಟಕದ ಜರಡಿಯಲ್ಲಿ ಇಷ್ಟು ಸಣ್ಣ ವಸ್ತು ಗಾಜಿನ ಚೂರಿನ ಜೊತೆ ಕೆಳಗೆ ಉದುರಿಹೋಗಬಹುದು.

ಇದು ನನ್ನ ಗೊಣಗಾಟ ಅಲ್ಲ. ಮರುಬಳಕೆ ಆಗುತ್ತದೆ ಎಂದು ಜನರನ್ನು ತಪ್ಪು ದಾರಿಗೆ ಎಳೆದಿದ್ದಕ್ಕೆ ನಿಮ್ಮ ದೇಶದ ಕಾಂಪಿಟಿಷನ್ ಬ್ಯೂರೋ (ಕಂಪನಿಗಳ ಸುಳ್ಳು ಪ್ರಚಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ಜೊತೆಗಿನ ಒಪ್ಪಂದದಲ್ಲಿ ಕ್ಯೂರಿಗ್ ಕೆನಡಾ 2022ರ ಜನವರಿಯಲ್ಲಿ 30 ಲಕ್ಷ ಡಾಲರ್ ದಂಡ ಒಪ್ಪಿಕೊಂಡಿತು. ಕ್ವಿಬೆಕ್ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳನ್ನು ಬಿಟ್ಟರೆ ಹೆಚ್ಚಿನ ಊರುಗಳಲ್ಲಿ ಆಗ ಪಾಡ್ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅಮೆರಿಕದಲ್ಲೂ ಅದೇ ಕಥೆ: ಅಲ್ಲಿನ ಎರಡು ದೊಡ್ಡ ಮರುಬಳಕೆ ಕಂಪನಿಗಳು "ನಮಗೆ ಇದು ಬೇಡ" ಎಂದಿದ್ದನ್ನು ವರದಿಯಲ್ಲಿ ಹೇಳದೆ ಬಿಟ್ಟಿದ್ದಕ್ಕೆ 2024ರಲ್ಲಿ ಷೇರು ನಿಯಂತ್ರಕರು 15 ಲಕ್ಷ ಡಾಲರ್ ದಂಡ ಹಾಕಿದರು. ಕೆ-ಕಪ್ ಕಂಡುಹಿಡಿದ ಜಾನ್ ಸಿಲ್ವನ್ ಅವರೇ 2015ರಲ್ಲಿ, ಇದನ್ನು ಮಾಡಿದ್ದಕ್ಕೆ ಒಮ್ಮೊಮ್ಮೆ ಬೇಜಾರಾಗುತ್ತದೆ ಎಂದಿದ್ದರು.

ಮೆಷಿನ್ ಬಿಸಾಡಬೇಡಿ, ಅದೂ ಕಸವೇ. ಮತ್ತೆ ಮತ್ತೆ ತುಂಬುವ ಸ್ಟೀಲ್ ಜಾಲರಿಯ ಕಪ್ ತಂದುಕೊಳ್ಳಿ, ಪ್ಲಾಸ್ಟಿಕ್ಕಿನ ಭಯವೂ ಅರ್ಧ ಕಡಿಮೆಯಾಗುತ್ತದೆ. ಅತ್ತೆ ತಂದ ಚಿಕೋರಿ ಬೆರೆಸಿದ ನುಣ್ಣನೆ ಪುಡಿ ಮಾತ್ರ ಅದಕ್ಕೆ ಹಾಕಬೇಡಿ, ಜಾಲರಿ ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ. ಅದಕ್ಕೆ ಸ್ವಲ್ಪ ತರಿ ತರಿ ಪುಡಿ ಬೇಕು.

ಪ್ರಶ್ನೆ: ಬೆಂಗಳೂರಿನ ನಮ್ಮ ಆಫೀಸಿಗೆ ಅಲ್ಯೂಮಿನಿಯಂ ಕ್ಯಾಪ್ಸೂಲಿನ ಮೆಷಿನ್ ಬಂದಿದೆ, ಪಕ್ಕದಲ್ಲೇ ಪೇಪರ್ ಕಪ್ ಇಟ್ಟಿದ್ದಾರೆ. ಪ್ಲಾಸ್ಟಿಕ್ ಅಲ್ಲವಲ್ಲ, ನಿಶ್ಚಿಂತೆಯಿಂದ ಕುಡಿಯಬಹುದಾ?

ಉತ್ತರ: ಕ್ಯಾಪ್ಸೂಲ್ ಬಿಡಿ, ಆ ಪೇಪರ್ ಕಪ್ಪಿನೊಳಗೇ ಪ್ಲಾಸ್ಟಿಕ್ ಇದೆಯಲ್ಲ! ಕಾಗದ ನೆನೆಯದಿರಲಿ ಅಂತ ಒಳಗೆ ತೆಳ್ಳನೆ ಪದರ ಬಳಿದಿರುತ್ತಾರೆ. 85-90 ಡಿಗ್ರಿಯ 100 ಮಿಲಿ ನೀರು ಅದರಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಕಣ ಬಿಡುತ್ತದೆ ಎಂದು ಖರಗ್‌ಪುರ ಐಐಟಿಯವರು ಲೆಕ್ಕ ಹಾಕಿದ್ದಾರೆ. ಮೀಟಿಂಗಿನಲ್ಲಿ ಒಂದು ಕಪ್ ಹಿಡಿದು ಕೂತರೆ ಸುಮಾರು ಅಷ್ಟು ಹೊತ್ತಾಗಿಯೇ ಆಗುತ್ತದೆ. ಮನೆಯಿಂದ ಸ್ಟೀಲ್ ಲೋಟ ಒಯ್ಯಿರಿ.

ಅಲ್ಯೂಮಿನಿಯಂ ಎಷ್ಟು ಸಲ ಬೇಕಾದರೂ ಕರಗಿಸಬಹುದು ನಿಜ, ಆದರೆ ಖಾಲಿ ಕ್ಯಾಪ್ಸೂಲ್ ಯಾರೋ ಒಬ್ಬರು ಕೂಡಿಟ್ಟು ವಾಪಸ್ ಕಳಿಸಬೇಕು. ಯಾರು ಕಳಿಸುತ್ತಾರೆ ಅಂತ ಆಫೀಸಿನಲ್ಲಿ ಕೇಳಿ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸ್ಟ್ರಾ, ತಟ್ಟೆ, ಚಮಚ ಇವೆ, ಪ್ಲಾಸ್ಟಿಕ್ ಪಾಡ್ ಇಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರ ಮಾತ್ರ 2016ರಲ್ಲೇ ಸರ್ಕಾರಿ ಹಣದಲ್ಲಿ ಕ್ಯಾಪ್ಸೂಲ್ ಕಾಫಿ ಕೊಳ್ಳುವಂತಿಲ್ಲ ಎಂದಿತು.

ಪ್ರಶ್ನೆ: ಮೂಡಿಗೆರೆಯ ಬೆಳೆಗಾರ ನಾನು. ಪಾಡ್ ಕಾಫಿಯೇ ಪರಿಸರಕ್ಕೆ ವಾಸಿ ಅಂತ ಎಲ್ಲೋ ಓದಿದೆ. ಸುಮ್ನೆ ಬರೀತಾರಾ?

ಉತ್ತರ: ಪೂರ್ತಿ ಸುಳ್ಳಲ್ಲ. ಕ್ವಿಬೆಕ್‌ನ ಸಂಶೋಧಕರು 2023ರಲ್ಲಿ ಹೋಲಿಸಿದ್ದು ಇದನ್ನೇ. ಕಾಫಿಯ ಹೊರೆಯಲ್ಲಿ ದೊಡ್ಡ ಪಾಲು ತೋಟದ್ದು: ಗೊಬ್ಬರ, ನೀರು, ಡೀಸೆಲ್. 280 ಮಿಲಿಗೆ ಪಾಡ್‌ನಲ್ಲಿ 14 ಗ್ರಾಂ ಪುಡಿ, ಅಲ್ಲಿನ ಡ್ರಿಪ್ ಮೆಷಿನ್ನಿಗೆ 25 ಗ್ರಾಂ. ಜಗ್ಗಟ್ಟಲೆ ಮಾಡಿ ಉಳಿದದ್ದನ್ನು ಸಿಂಕಿಗೆ ಸುರಿಯುವವರ ಎದುರು ಪಾಡ್ ಗೆಲ್ಲುತ್ತದೆ. ನಮ್ಮ ಮನೆಗಳಲ್ಲಿ ಡಿಕಾಕ್ಷನ್ ಚೆಲ್ಲುವವರು ಯಾರು? ಬೆಳಿಗ್ಗೆ ಉಳಿದದ್ದು ಸಂಜೆಗೆ, ಅದೇ ಪುಡಿಗೆ ಇನ್ನೊಂದು ಸಲ ನೀರು ಹಾಕಿ ಎರಡನೇ ಡಿಕಾಕ್ಷನ್. ಈ ಲೆಕ್ಕ ಆ ಹೋಲಿಕೆಯಲ್ಲಿ ಇಲ್ಲ.

ಪ್ರಶ್ನೆ: ಗೊಬ್ಬರವಾಗುವ ಪಾಡ್ ಸಿಗುತ್ತದಂತೆ. ಮನೆಯ ಕಾಂಪೋಸ್ಟ್ ಡಬ್ಬಿಗೆ ಹಾಕಬಹುದಾ?

ಉತ್ತರ: ಡಬ್ಬದ ಮೇಲೆ "ಮನೆಯಲ್ಲೇ ಗೊಬ್ಬರವಾಗುತ್ತದೆ" ಅಂತ ಸ್ಪಷ್ಟವಾಗಿ ಬರೆದಿದ್ದರೆ ಹಾಕಿ. ಇಲ್ಲದಿದ್ದರೆ ಅದಕ್ಕೆ ದೊಡ್ಡ ಗೊಬ್ಬರ ಘಟಕದ 60 ಡಿಗ್ರಿ ಬಿಸಿ ಬೇಕು, ನಿಮ್ಮ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಒಳಗಿನ ಚರಟ ಮಾತ್ರ ಧಾರಾಳವಾಗಿ ಹಾಕಿ, ಒಣ ಎಲೆ ಜೊತೆಗಿರಲಿ.