ಬಿಸಿಲಲ್ಲಿ ಕಪ್ಪಾಗುವ ಕಣ್ಣು, ಜಾರಿಹೋಗುವ ಫೋಕಸ್

ಹೊರಾಂಗಣದಲ್ಲಿ ಮೊದಲ ಸಲ ಮಾಡೆಲ್ ಫೋಟೋ ತೆಗೆಯಲು ಹೊರಟ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಚಿಕ್ಕಮ್ಮನ ಮಗಳನ್ನೇ ಮಾಡೆಲ್ ಮಾಡಿಕೊಂಡು ಪಾರ್ಕಿನಲ್ಲಿ ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆಯವರೆಗೆ ಇನ್ನೂರು ಫೋಟೋ ತೆಗೆದೆ. ಬೆಳಕಿಗೇನೂ ಕೊರತೆ ಇರಲಿಲ್ಲ. ಆದರೂ ಕಣ್ಣೆಲ್ಲ ಕಪ್ಪು ಗುಳಿ, ಮೂಗಿನ ಕೆಳಗೆ ಮೀಸೆಯಂಥ ನೆರಳು, ಹಣೆ ಮಾತ್ರ ಬೆಳ್ಳಗೆ. ಯಾವ ಸೆಟ್ಟಿಂಗ್ ಬದಲಿಸಬೇಕು?

ಉತ್ತರ: ಸೆಟ್ಟಿಂಗ್ ಮುಟ್ಟಬೇಡಿ, ನಿಂತ ಜಾಗ ಬದಲಿಸಿ. ಸೂರ್ಯ ನೆತ್ತಿಯ ಮೇಲಿದ್ದಾಗ ಹುಬ್ಬಿನ ಮೂಳೆಯೇ ಕಣ್ಣಿಗೆ ಕೊಡೆ ಹಿಡಿಯುತ್ತದೆ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಅಷ್ಟೇ. ಇಷ್ಟು ಚಿಕ್ಕದಾಗಿ ಕಾಣುವ ಬೆಳಕಿನ ಮೂಲದಿಂದ ಬೀಳುವ ನೆರಳಿನ ಅಂಚು ಚಾಕುವಿನಲ್ಲಿ ಕೊಯ್ದಂತಿರುತ್ತದೆ. ಮೋಡ ಮುಚ್ಚಿದರೆ ಇಡೀ ಆಕಾಶವೇ ದೀಪವಾಗಿ ಆ ಅಂಚು ಕರಗುತ್ತದೆ.

ಮೋಡವಿಲ್ಲದ ದಿನ ಗೋಡೆಯ ನೆರಳನ್ನೋ ಚಾವಣಿಯ ಅಂಚನ್ನೋ ಕಮಾನನ್ನೋ ಹುಡುಕಿ. ಬಿಸಿಲು ಮತ್ತು ನೆರಳಿನ ಗೆರೆಯಿಂದ ಅರ್ಧ ಮೀಟರಿನಿಂದ ಒಂದು ಮೀಟರ್ ಒಳಗೆ ಮಾಡೆಲನ್ನು ನಿಲ್ಲಿಸಿ, ಮುಖ ಬಯಲಿನ ಕಡೆಗಿರಲಿ. ಇನ್ನೂ ಒಳಕ್ಕೆ ಸರಿಸಿದರೆ ಮುಖದ ಕಳೆ ಆರುತ್ತದೆ. ಜಾಗ ಸರಿಯೇ ಎಂದು ತಿಳಿಯಲು ಕ್ಯಾಮೆರಾ ಬೇಕಾಗಿಲ್ಲ. ನಿಮ್ಮ ಮುಷ್ಟಿಯನ್ನು ಕಣ್ಣಿನ ಎತ್ತರಕ್ಕೆ ಚಾಚಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ಬೆರಳ ಗೆಣ್ಣುಗಳ ನಡುವಿನ ನೆರಳು ಯಾವ ದಿಕ್ಕಿನಲ್ಲಿ ಮೆತ್ತಗಾಗುತ್ತದೋ, ಮುಷ್ಟಿ ಇರುವ ಕಡೆ ಮಾಡೆಲ್ ನಿಲ್ಲಬೇಕು, ನೀವಿರುವ ಕಡೆಗೆ ಮುಖ ಮಾಡಬೇಕು. ಆಮೇಲೆ ಹತ್ತಿರ ಹೋಗಿ ಕಣ್ಣು ನೋಡಿ. ಕರಿ ಭಾಗದ ಮೇಲ್ಬದಿಯಲ್ಲಿ, ಗಡಿಯಾರದ ಹತ್ತು ಅಥವಾ ಎರಡು ಗಂಟೆಯ ಆಸುಪಾಸು, ಒಂದು ಬಿಳಿ ಹೊಳಪು ಕಂಡರೆ ಕೆಲಸ ಮುಕ್ಕಾಲು ಮುಗಿಯಿತು. ಆ ಹೊಳಪಿಲ್ಲದ ಕಣ್ಣು ಎಷ್ಟೇ ಚೂಪಾಗಿ ಬಂದರೂ ಜೀವ ಇರುವುದಿಲ್ಲ.

ಇಂಥ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್ 2.8 (ಲೆನ್ಸಿನ ಬಾಯಿಯ ಅಳತೆ, ಅಂಕಿ ಚಿಕ್ಕದಾದಷ್ಟು ಬಾಯಿ ದೊಡ್ಡದು), ಷಟರ್ 1/500 ಸೆಕೆಂಡಿನಿಂದ ಶುರು ಮಾಡಿ, ಹಿಸ್ಟೋಗ್ರಾಮ್, ಅಂದರೆ ಫೋಟೋದ ಬೆಳಕು-ಕತ್ತಲಿನ ಹಂಚಿಕೆ ತೋರುವ ನಕ್ಷೆ, ನೋಡಿಕೊಂಡು ಹೊಂದಿಸಿ. ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುವ ಮರದಡಿ ಮಾತ್ರ ಬೇಡ. ಕೆನ್ನೆಯ ಮೇಲೆ ಬಿದ್ದ ಬಿಸಿಲ ಚುಕ್ಕೆಯನ್ನು ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಅಚ್ಚುಕಟ್ಟಾಗಿ ತೆಗೆಯಲಾಗದು.

ಪ್ರಶ್ನೆ: 50 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟು ತೆಗೆಯುತ್ತೇನೆ. ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿದರೆ ಕಣ್ಣು ಮಸುಕು, ಕಿವಿಯ ಓಲೆ ಸ್ಪಷ್ಟ. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಲೆನ್ಸನ್ನು ಅನುಮಾನಿಸುವ ಮೊದಲು ಲೆಕ್ಕ ನೋಡಿ. ಎಪಿಎಸ್-ಸಿ ಸೆನ್ಸರಿನ (ಫುಲ್ ಫ್ರೇಮಿಗಿಂತ ಚಿಕ್ಕ ಅಳತೆಯದು) ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಒಟ್ಟು 6 ಸೆಂ.ಮೀ. ಮಾತ್ರ: ಮುಂದಕ್ಕೆ ಮೂರು, ಹಿಂದಕ್ಕೆ ಮೂರು. ಮುಖ ಚೆನ್ನಾಗಿ ಓರೆಯಾದರೆ ಎರಡು ಕಣ್ಣೂ ಅದರೊಳಗೆ ಹಿಡಿಸುವುದಿಲ್ಲ. ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಹೊಂದಿಸುವ ಅಭ್ಯಾಸ ನಿಮಗಿದ್ದರೆ, ಹತ್ತು ಡಿಗ್ರಿ ತಿರುಗಿಸಿದಾಗಲೇ ಫೋಕಸ್ ಕಣ್ಣಿಗಿಂತ 2 ಸೆಂ.ಮೀ.ಗೂ ಹೆಚ್ಚು ಹಿಂದಕ್ಕೆ ಹೋಗಿರುತ್ತದೆ. ಅದರ ಮೇಲೆ ನೀವೊಂದಿಷ್ಟು ತೂಗಾಡಿದರೆ ಓಲೆಯ ಹತ್ತಿರವೇ ನಿಲ್ಲುತ್ತದೆ.

ಕಣ್ಣನ್ನು ಗುರುತಿಸುವ ಆಟೋಫೋಕಸ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಒಂದೇ ಫೋಕಸ್ ಬಿಂದುವನ್ನು ಆರಿಸಿ, ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೇ ಸರಿಸಿ. ಕಲಿಯುವ ದಿನಗಳಲ್ಲಿ ಎಫ್ 2.8 ಇಡಿ, ಆಳ 10 ಸೆಂ.ಮೀ. ಆಗುತ್ತದೆ. ಎಫ್ 4ರಲ್ಲಿ 14. ಹಿನ್ನೆಲೆ ಮಸುಕಾಗಬೇಕೆಂದರೆ ಅಪರ್ಚರನ್ನು (ಲೆನ್ಸಿನ ಬಾಯಿ) ಪೂರ್ತಿ ತೆರೆಯುವುದೊಂದೇ ದಾರಿಯಲ್ಲ, ಮಾಡೆಲನ್ನು ಗೋಡೆಯಿಂದಲೋ ಗಿಡದಿಂದಲೋ ಐದಾರು ಮೀಟರ್ ಮುಂದೆ ತನ್ನಿ.

ಮಸುಕಿನ ಕಾರಣವನ್ನು ಫೋಟೋವೇ ಹೇಳುತ್ತದೆ, ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ. ಚಿತ್ರದಲ್ಲಿ ಎಲ್ಲೋ ಒಂದು ಕಡೆ, ಕಿವಿಯೋ ಕಾಲರೋ, ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಹಿನ್ನೆಲೆ ಗಟ್ಟಿಯಾಗಿದ್ದು ಮುಖ ಮಾತ್ರ ಎಳೆದಂತಿದ್ದರೆ ಮಾಡೆಲ್ ಅಲುಗಿದ್ದಾರೆ. ಕೊನೆಯ ಎರಡಕ್ಕೂ ಮದ್ದು 1/250 ಅಥವಾ ಅದಕ್ಕಿಂತ ವೇಗದ ಷಟರ್. ಅದಕ್ಕಾಗಿ ಐಎಸ್‌ಒ 400ಕ್ಕೋ 800ಕ್ಕೋ ಏರಿದರೆ ಏರಲಿ.

ಪ್ರಶ್ನೆ: ಮರದ ನೆರಳಲ್ಲಿ, ಹುಲ್ಲಿನ ಮೇಲೆ ಕೂರಿಸಿ ತೆಗೆದರೆ ಮುಖಕ್ಕೆ ಹಸಿರು ಛಾಯೆ ಬರುತ್ತಿದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಬದಲಿಸಿದರೂ ಹೋಗುತ್ತಿಲ್ಲ.

ಉತ್ತರ: ಹೋಗುವುದಿಲ್ಲ. ಗಲ್ಲದ ಕೆಳಗೆ ಬಿದ್ದಿರುವುದು ಹುಲ್ಲಿನಿಂದ ಪುಟಿದ ಹಸಿರು ಬೆಳಕು, ಹಣೆಗೆ ಬಿದ್ದಿರುವುದು ಆಕಾಶದ ನೀಲಿ. ಒಂದೇ ವೈಟ್ ಬ್ಯಾಲೆನ್ಸ್ ಎರಡನ್ನೂ ಸರಿಮಾಡದು. ಹುಲ್ಲಿನ ಮೇಲೆ, ಚೌಕಟ್ಟಿನ ಹೊರಗೆ, ಮಾಡೆಲ್ ಮುಂದೆ ಒಂದು ಬಿಳಿ ಬಟ್ಟೆ ಹಾಸಿ. ಇಲ್ಲವೇ ಬರೀ ಮಣ್ಣು ಅಥವಾ ಕಲ್ಲುಹಾಸು ಇರುವಲ್ಲಿಗೆ ಸರಿಯಿರಿ. ರಾ ಫೈಲಿನಲ್ಲಿ (ಸೆನ್ಸರ್ ದಾಖಲಿಸಿದ ಮಾಹಿತಿ ಹಾಗೆಯೇ ಉಳಿಯುವ ಫೈಲ್) ತೆಗೆದು, ಮೊದಲ ಫೋಟೋದಲ್ಲಿ ಮುಖದ ಮುಂದೆ ಬಣ್ಣ ಹೊಂದಿಸಲು ಆಧಾರವಾಗುವ ಬೂದು ಕಾರ್ಡ್ ಹಿಡಿಸಿದರೆ ಉಳಿದ ಬಣ್ಣ ಆಮೇಲೆ ಸುಲಭವಾಗಿ ಕೂರುತ್ತದೆ.

ಪ್ರಶ್ನೆ: ಬೆಳಕನ್ನು ಮುಖದತ್ತ ಪುಟಿಸುವ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಹಿಡಿದರೆ ಮಾಡೆಲ್ ಕಣ್ಣಲ್ಲಿ ನೀರು ಬರುತ್ತದೆ. ಏನು ಮಾಡಲಿ?

ಉತ್ತರ: ಬಿಸಿಲನ್ನು ಕನ್ನಡಿಯಂತೆ ಕಣ್ಣಿಗೇ ಹೊಡೆಯುತ್ತಿದ್ದೀರಿ. ಬಿಳಿ ಬದಿ ತಿರುಗಿಸಿ, ಒಂದು ಮೀಟರಿನಷ್ಟು ಹತ್ತಿರ ತನ್ನಿ. ಒಂದು ಥರ್ಮಾಕೋಲ್ ಹಾಳೆಯೂ ಇಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನೆಲದಿಂದ ಮೇಲಕ್ಕೆ ಬೆಳಕು ಎಸೆದರೆ ಮೂಗಿನ ಹೊಳ್ಳೆ ಬೆಳಗುತ್ತದೆ, ಮುಖ ದೆವ್ವದ ಸಿನಿಮಾದಂತಾಗುತ್ತದೆ. ರಿಫ್ಲೆಕ್ಟರ್ ಮುಖದ ಮಟ್ಟಕ್ಕೋ ತುಸು ಮೇಲಕ್ಕೋ ಇರಲಿ. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೂರು ಎಣಿಸಿ, ತೆರೆದ ಕೂಡಲೇ ಎರಡು ಕ್ಲಿಕ್. ಗಾಳಿಗೆ ರಿಫ್ಲೆಕ್ಟರ್ ಹಾಯಿಯಂತೆ ಹಾರುತ್ತದೆ, ಸ್ಟ್ಯಾಂಡಿಗೆ ಕಟ್ಟಿ ಬಿಡಬೇಡಿ, ಒಬ್ಬರು ಹಿಡಿದಿರಲಿ.

ಪ್ರಶ್ನೆ: ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ, 1/1000ದಲ್ಲಿ ಫ್ಲ್ಯಾಶ್ ಹಾಕಿದೆ. ಫೋಟೋದ ಒಂದು ಬದಿಗೆ ಕಪ್ಪು ಪಟ್ಟಿ ಬಂತು.

ಉತ್ತರ: ನಿಮ್ಮ ಷಟರಿಗೆ ಎರಡು ಪರದೆಗಳಿವೆ. ಒಂದು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಸಾಮಾನ್ಯವಾಗಿ 1/200 ಅಥವಾ 1/250ರವರೆಗೆ ಇಡೀ ಸೆನ್ಸರ್ ಒಂದು ಕ್ಷಣ ತೆರೆದಿರುತ್ತದೆ. ಅದನ್ನು ದಾಟಿದರೆ ಮೊದಲನೆಯದು ಪೂರ್ತಿ ಸರಿಯುವ ಮುನ್ನವೇ ಎರಡನೆಯದು ಹೊರಟಿರುತ್ತದೆ, ಫ್ಲ್ಯಾಶ್ ಮಿಂಚಿದಾಗ ಅದು ಮುಚ್ಚಿದ ಭಾಗವೇ ಆ ಪಟ್ಟಿ. 1/200ಕ್ಕೆ ಇಳಿಸಿದರೆ ಸುಡುಬಿಸಿಲಲ್ಲಿ ಐಎಸ್‌ಒ 100ಕ್ಕೆ ಎಫ್ 11 ಬೇಕಾಗುತ್ತದೆ. ಎಫ್ 4 ಬೇಕೇಬೇಕೆಂದರೆ ಮೂರು ಸ್ಟಾಪ್, ಅಂದರೆ ಎಂಟನೇ ಒಂದು ಪಾಲಿಗೆ, ಬೆಳಕು ಕಡಿಮೆ ಮಾಡುವ ಎನ್‌ಡಿ 8 ಫಿಲ್ಟರ್ ಹಾಕಿ. ವೇಗದ ಷಟರಿನಲ್ಲೂ ಕೆಲಸ ಮಾಡುವ ಹೈ ಸ್ಪೀಡ್ ಸಿಂಕ್ ಇರುವ ಫ್ಲ್ಯಾಶ್ ಆದರೆ ಫಿಲ್ಟರ್ ಬೇಡ, ಆದರೆ ಅದರ ಶಕ್ತಿ ತುಂಬಾ ಕುಗ್ಗುವುದರಿಂದ ಒಂದು ಮೀಟರಿನಷ್ಟು ಹತ್ತಿರ ತರಬೇಕು.

ಪ್ರಶ್ನೆ: ಮಾಡೆಲ್ ಕೂಡ ನನ್ನಂತೆ ಹೊಸಬರು. ಕಂಬದಂತೆ ನಿಲ್ಲುತ್ತಾರೆ, ಕೈ ಎಲ್ಲಿಡಬೇಕೆಂದು ಕೇಳುತ್ತಾರೆ. ನನಗೂ ಗೊತ್ತಾಗುವುದಿಲ್ಲ.

ಉತ್ತರ: ಪಾದದಿಂದ ಶುರು ಮಾಡಿ, ಕೈ ಆಮೇಲೆ. ಭಾರವೆಲ್ಲ ಹಿಂದಿನ ಕಾಲಿಗೆ ಹೋಗಲಿ, ಮುಂದಿನ ಮಂಡಿ ಸಡಿಲವಾಗಲಿ. ಇಷ್ಟಕ್ಕೇ ಸೊಂಟ ಮತ್ತು ಭುಜದ ಗೆರೆ ಓರೆಯಾಗಿ ಬಿಗುವು ಇಳಿಯುತ್ತದೆ. ಮೈ ಕ್ಯಾಮೆರಾದಿಂದ ಸ್ವಲ್ಪ ಆಚೆ ತಿರುಗಲಿ, ಮುಖ ಮಾತ್ರ ನಿಮ್ಮ ಕಡೆ. ಮೊಣಕೈಗೂ ಸೊಂಟಕ್ಕೂ ನಡುವೆ ಹಿನ್ನೆಲೆ ಕಾಣುವಷ್ಟು ಸಂದು ಬಿಡಿಸಿ. ಗಲ್ಲವನ್ನು ಮುಂದಕ್ಕೆ ಚಾಚಿ ಒಂದು ಬೆರಳಿನಷ್ಟು ಇಳಿಸಲು ಹೇಳಿ. ಅವರಿಗೆ ಆಮೆಯಂತೆ ಅನ್ನಿಸುತ್ತದೆ, ಫೋಟೋದಲ್ಲಿ ದವಡೆಯ ಗೆರೆ ಎದ್ದು ಬರುತ್ತದೆ. ಅಂಗೈಯೋ ಹಿಂಗೈಯೋ ನೇರ ಕಂಡರೆ ಕೈ ಅಗಲವಾಗಿ ಕಾಣುತ್ತದೆ, ಕಿರುಬೆರಳಿನ ಬದಿ ಕ್ಯಾಮೆರಾಕ್ಕೆ ತಿರುಗಲಿ.

‘ನಗಿ’ ಎನ್ನಬೇಡಿ, ಒಂದು ಕೆಲಸ ಕೊಡಿ: ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡುವುದು, ತೋಳು ಮಡಚುವುದು, ಕೂದಲು ಹಿಂದಕ್ಕೆ ಸರಿಸುವುದು. ಮಾತು ನಿಲ್ಲಿಸಿ ಪರದೆ ನೋಡುತ್ತ ನಿಂತರೆ ತಮ್ಮಿಂದಲೇ ಏನೋ ತಪ್ಪಾಯಿತೆಂದು ಅವರು ಕುಗ್ಗುತ್ತಾರೆ, ಆಗ ಹೋದ ಸಲಿಗೆ ಅಂದು ಮತ್ತೆ ಬರುವುದು ಕಷ್ಟ. ಭಂಗಿಯನ್ನು ಮುಟ್ಟಿ ಸರಿಪಡಿಸಬೇಡಿ, ನೀವೇ ಮಾಡಿ ತೋರಿಸಿ. ಎದೆಮಟ್ಟದ ಫೋಟೋಗೆ ಎರಡು ಮೀಟರಿನಷ್ಟು ದೂರವಿರಿ, ತೀರಾ ಹತ್ತಿರ ಹೋದರೆ ಮೂಗು ಉಬ್ಬುತ್ತದೆ. ಮಂಡಿ, ಮಣಿಕಟ್ಟು, ಕಣಕಾಲುಗಳ ಮೇಲೆ ಚೌಕಟ್ಟಿನ ಅಂಚು ಬರದಿರಲಿ.

ಪ್ರಶ್ನೆ: ಪರಿಚಯದವರನ್ನೇ ತೆಗೆಯುವಾಗಲೂ ಕಾಗದದಲ್ಲಿ ಒಪ್ಪಿಗೆ ಬೇಕೇ?

ಉತ್ತರ: ಬೇಕು, ಪರಿಚಯದವರಾದರೆ ಇನ್ನೂ ಬೇಕು. ಕೇಳಲು ನಿಮಗೆ ಸಂಕೋಚ, ಬೇಡವೆನ್ನಲು ಅವರಿಗೆ ಸಂಕೋಚ. ಒಂದೇ ಪುಟ ಸಾಕು: ದಿನಾಂಕ, ಜಾಗ, ಫೋಟೋಗಳನ್ನು ಎಲ್ಲೆಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು, ಅವರಿಗೆ ಎಷ್ಟು ಫೋಟೋ ಯಾವಾಗ ಕೊಡುತ್ತೀರಿ, ಇಬ್ಬರ ಸಹಿ. ಅಪ್ರಾಪ್ತರಾದರೆ ಪೋಷಕರ ಸಹಿ ಇರಲಿ, ಅವರು ಜೊತೆಗೂ ಬರಲಿ. ವಯಸ್ಕರಿಗೂ ತಮಗೆ ಬೇಕಾದವರನ್ನು ಕರೆತನ್ನಿ ಎಂದು ನೀವೇ ಮೊದಲು ಹೇಳಿ. ರಿಫ್ಲೆಕ್ಟರ್ ಹಿಡಿಯಲು ಹೇಗೂ ಒಬ್ಬರು ಬೇಕಲ್ಲ.